ನಾಲ್ಕು ಸೆಕೆಂಡು, ಒಂದು ಜಡೆ!

ಹೀರೋಯಿನ್ ಜಡೆ ನೋಡಿ ಮನಸೋತವರ ಕಥೆ ನೀವು ಬೇಕಾದಷ್ಟು ಕೇಳಿರ್ತೀರಿ. ಹೀರೋಯಿನ್ ಜಡೆ ನೋಡಿ ಗಳಗಳನೆ ಅತ್ತವನ ಕಥೆ ಕೇಳಿದ್ದೀರಾ? ಇಲ್ಲ ತಾನೇ? ಹಾಗಾದರೆ ಬಸ್ಸು ಹೊರಡೋದರೊಳಗೆ ಇದನ್ನ ಓದಿಬಿಡಿ. ಆ ಪುಣ್ಯಾತ್ಮ ನಾನೇ!

ಅಳಿಸಿದ್ದು ಪ್ರೇಮವಲ್ಲ ಸ್ವಾಮಿ, ಲೆಕ್ಕ!

2022ನೇ ಇಸವಿ. ಬೆಂಗಳೂರಿನ ಒಂದು ಗ್ರಾಫಿಕ್ಸ್ ಆಫೀಸಿನಲ್ಲಿ ನನಗೆ ಕೆಲಸ. ಆಫೀಸಿನ ಹೆಸರು ಬೇಡ, ಸಿನಿಮಾ ಹೆಸರೂ ಬೇಡ. ಸೀನು ಮಾತ್ರ ಹೇಳ್ತೀನಿ. ಅರಮನೆಯ ಮಹಡಿಯಿಂದ ರಾಜಕುಮಾರಿ ಕೆಳಗೆ ನಿಂತ ಕುದುರೆಯ ಮೇಲೆ ಧುಮುಕಬೇಕು. ನಿಜವಾದ ಹೀರೋಯಿನ್ ಧುಮುಕ್ತಾಳೆಯೇ? ನಿರ್ಮಾಪಕರು ಬಿಡ್ತಾರೆಯೇ? ಹಾಗಾಗಿ ಕಂಪ್ಯೂಟರಿನೊಳಗೆ ಒಬ್ಬ ರಾಜಕುಮಾರಿ ಹುಟ್ಟಿದಳು. ಕ್ಯಾಮೆರಾ ಹಿಂದಿನಿಂದ. ಮುಖ ಕಾಣೋದೇ ಇಲ್ಲ. ಕಾಣೋದು ಮೂರೇ ಮೂರು: ಮೊಣಕಾಲುದ್ದದ ಜಡೆ, ಅದರ ತುದಿಯ ಕುಚ್ಚು, ಹೆಗಲ ಮೇಲಿಂದ ಹಾರುವ ಸೆರಗು. ಒಟ್ಟು ನಾಲ್ಕು ಸೆಕೆಂಡು. ಸೆಕೆಂಡಿಗೆ 24ರಂತೆ 96 ಫ್ರೇಮು. ಈ ಷಾಟು ಪಾಸಾದರೆ ನನ್ನ ಕೆಲಸ ಕಾಯಂ. ಇಲ್ಲದಿದ್ದರೆ ತಿಪಟೂರಿಗೆ ವಾಪಸ್ ಬಸ್ಸು!

ಟೈಲರ್ ಮಗ

ತಿಪಟೂರು ನಮ್ಮೂರು. ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಅಪ್ಪನ ಟೈಲರ್ ಅಂಗಡಿ. ಅಪ್ಪ ರಾಜಣ್ಣನ ಕಟ್ಟಾ ಅಭಿಮಾನಿ. 1977ರಲ್ಲಿ ‘ಬಭ್ರುವಾಹನ’ ಬಂದಾಗ ಅರ್ಜುನನೂ ಅವರೇ, ಬಭ್ರುವಾಹನನೂ ಅವರೇ ಆಗಿ ಎದುರುಬದುರು ನಿಂತಿದ್ದನ್ನ ಅಪ್ಪ ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ. ಆದರೆ ಎಲ್ಲರೂ ಮುಖ ನೋಡಿದರೆ ಅಪ್ಪ ನೋಡ್ತಿದ್ದದ್ದು ಬಟ್ಟೆ! “ಆ ಉತ್ತರೀಯ ಹೆಂಗೆ ಬೀಳುತ್ತೆ ನೋಡೋ, ಮೈ ತಿರುಗಿದ ಮೇಲೆ ಅದು ತಿರುಗುತ್ತೆ” ಅಂತ ಚಿಕ್ಕಂದಿನಲ್ಲಿ ನನಗೆ ಟಿವಿ ಮುಂದೆ ಕೂರಿಸಿಕೊಂಡು ತೋರಿಸೋರು. ನನಗೆ ಆಗ ಯುದ್ಧ ಬೇಕಿತ್ತು, ಉತ್ತರೀಯ ಯಾರಿಗೆ ಬೇಕು!

ರೆಡಿಮೇಡ್ ಬಂದು ಅಂಗಡಿ ಸೊರಗಿತು. ಟೈಲರ್ ಮಗ ಟೈಲರ್ ಆಗಲಿಲ್ಲ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು ರಾತ್ರಿಯೆಲ್ಲಾ ಬ್ಲೆಂಡರ್ ಎಂಬ ಸಾಫ್ಟ್‌ವೇರ್ ಕಲಿತೆ. ಕಾಸಿಲ್ಲದೆ ಸಿಗುತ್ತೆ ಅದು. ಯಾಕೆ ಗೊತ್ತೇ? ಅದನ್ನು ಮಾಡಿದ ಕಂಪನಿ ಮುಚ್ಚಿಹೋದಾಗ, 2002ರಲ್ಲಿ ಅದರ ಅಭಿಮಾನಿಗಳೇ ಏಳು ವಾರದಲ್ಲಿ 1 ಲಕ್ಷ ಯೂರೋ ಚಂದಾ ಎತ್ತಿ ಬಿಡಿಸಿಕೊಂಡು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟರು. ಅಭಿಮಾನಿ ಸಂಘ ಅಂದರೆ ಹೀಗಿರಬೇಕು!

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಪುಟ್ಟ ಚಿತ್ರ. 1997ರಲ್ಲಿ ಅಮೆರಿಕದ ಪಿಕ್ಸಾರ್‌ನವರು ತೆಗೆದ ‘ಗೆರಿಸ್ ಗೇಮ್’. ಒಬ್ಬ ಮುದುಕ ಪಾರ್ಕಿನಲ್ಲಿ ಕೂತು ತನ್ನ ಜೊತೆ ತಾನೇ ಚದುರಂಗ ಆಡುತ್ತಾನೆ. ಒಂದು ಕಡೆ ಗೆರಿ, ಎದುರಿಗೂ ಗೆರಿ! ಥೇಟ್ ನಮ್ಮ ‘ಬಭ್ರುವಾಹನ’. ಅದಕ್ಕೆ ಆಸ್ಕರ್ ಕೂಡ ಬಂತು. ಆ ಮುದುಕ ಕೈ ಎತ್ತಿದಾಗ ಕೋಟಿನ ಮೊಣಕೈ ಹತ್ತಿರ ಸುಕ್ಕು ಬೀಳುತ್ತೆ ನೋಡಿ... ಆ ಸುಕ್ಕನ್ನು ಯಾರೂ ಬರೆದದ್ದಲ್ಲ, ಲೆಕ್ಕದಿಂದ ತಾನಾಗಿ ಹುಟ್ಟಿದ್ದು. ಕಂಪ್ಯೂಟರಿನಲ್ಲಿ ಬಟ್ಟೆ ಹೊಲಿಯಬಹುದು ಅಂತ ನನಗೆ ಗೊತ್ತಾದದ್ದು ಅವತ್ತು.

ರಂಗೋಲಿ ಚುಕ್ಕೆ

ಬಟ್ಟೆ ಮಾಡೋದು ಹೇಗೆ ಅಂತೀರಾ? ರಂಗೋಲಿ ಬಿಡಿಸಿದ ಹಾಗೆ. ಮೊದಲು ಚುಕ್ಕೆ ಇಡಿ. ಉದ್ದಕ್ಕೆ 100, ಅಗಲಕ್ಕೆ 100. ಒಟ್ಟು 10,000 ಚುಕ್ಕೆ. ಅಕ್ಕಪಕ್ಕದ ಚುಕ್ಕೆಗಳನ್ನು ಕೊಂಡಿಯಿಂದ ಸೇರಿಸಿ, ಇದೇ ಹಾಸು ಹೊಕ್ಕು. ಇಷ್ಟೇ ಆದರೆ ಬಟ್ಟೆ ಓರೆಯಾಗಿ ಜೋಲುತ್ತೆ, ಅದಕ್ಕೆ ಮೂಲೆಯಿಂದ ಮೂಲೆಗೆ ಓರೆ ಕೊಂಡಿ. ಕಾಗದದ ಹಾಗೆ ಚೂಪಾಗಿ ಮಡಿಚಬಾರದು, ಅದಕ್ಕೆ ಒಂದು ಚುಕ್ಕೆ ಬಿಟ್ಟು ಇನ್ನೊಂದಕ್ಕೆ ಮೂರನೇ ಥರದ ಕೊಂಡಿ. ಕೂಡಿಸಿ ನೋಡಿ, 59,000 ಕೊಂಡಿ ದಾಟುತ್ತೆ! ಒಂದು ಸೆರಗಿಗೆ! ಜಡೆ ಅಂದರೆ ಇನ್ನೂ ಸರಳ. ಒಂದರ ಕೆಳಗೊಂದು ಚುಕ್ಕೆ, ಸರಪಳಿ.

ಇನ್ನು ಚಲನೆ. ಇದಕ್ಕೆ ಫ್ರಾನ್ಸಿನ ಭೌತವಿಜ್ಞಾನಿ ವರ್ಲೆ ಎಂಬಾತನ ಒಂದು ಉಪಾಯವಿದೆ. ಆತನಿಗೆ ಸಿನಿಮಾಕ್ಕೂ ಸಂಬಂಧವಿಲ್ಲ, ಸೀರೆಗೂ ಸಂಬಂಧವಿಲ್ಲ. 1967ರಲ್ಲಿ ಆರ್ಗಾನ್‌ನಂಥ 864 ಕಣಗಳು ಹೇಗೆ ಓಡಾಡುತ್ತವೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ. ಲೆಕ್ಕ ಇಷ್ಟೇ: ಚುಕ್ಕೆ ಈಗ ಎಲ್ಲಿದೆ, ಒಂದು ಹೆಜ್ಜೆ ಹಿಂದೆ ಎಲ್ಲಿತ್ತು, ಎರಡನ್ನೇ ನೆನಪಿಡು. ಎಷ್ಟು ದೂರ ಬಂದಿದೆಯೋ ಅಷ್ಟೇ ದೂರ ಮುಂದಕ್ಕೆ ತಳ್ಳು, ಭೂಮಿ ಎಳೆಯೋದನ್ನ ಸೇರಿಸು. ಒಂದು ಫ್ರೇಮಿಗೆ ಆ ಎಳೆತ ಸುಮಾರು 1.7 ಸೆಂಟಿಮೀಟರ್.

ಆಮೇಲೆ ಕೊಂಡಿಯ ಪಂಚಾಯಿತಿ. ಎರಡು ಚುಕ್ಕೆಗಳ ನಡುವೆ 10 ಇರಬೇಕಾದ ದೂರ 12 ಆಗಿದೆ ಅನ್ನಿ. ಇಬ್ಬರೂ ಒಂದೊಂದು ಹೆಜ್ಜೆ ಹತ್ತಿರ ಬನ್ನಿ ಅಂತ ಹೇಳೋದು. ಒಬ್ಬ ದಪ್ಪಗಿದ್ದರೆ ಅವನು ಕಡಿಮೆ ಸರೀತಾನೆ, ತೆಳ್ಳಗಿದ್ದವನು ಜಾಸ್ತಿ. ಈ ಜಗಳ ಬಗೆಹರಿಯಿತು. ಆದರೆ ಅವನು ಸರಿದದ್ದರಿಂದ ಆ ಕಡೆಯವನ ಜೊತೆ ದೂರ ಕೆಟ್ಟಿತು! ಅದನ್ನು ಸರಿಮಾಡು, ಮತ್ತೊಂದು ಕೆಡುತ್ತೆ. ಹೀಗೇ ಸುತ್ತು ಹೊಡೀತಾ ಹೊಡೀತಾ ಎಲ್ಲರೂ ಹೆಚ್ಚೂಕಡಿಮೆ ಸಮಾಧಾನಕ್ಕೆ ಬರ್ತಾರೆ. 2000ದಲ್ಲಿ ಬಂದ ‘ಹಿಟ್‌ಮ್ಯಾನ್’ ಎಂಬ ವಿಡಿಯೋ ಗೇಮಿನಲ್ಲಿ ಗುಂಡು ತಿಂದವರು ನಿಜವಾದ ಮೈಯ ಹಾಗೆ ಜೋಲಿ ಬೀಳ್ತಿದ್ದದ್ದು ಇದೇ ಪಂಚಾಯಿತಿಯಿಂದ. ಅದನ್ನು ಮಾಡಿದ ಥಾಮಸ್ ಯಾಕೊಬ್ಸೆನ್ 2001ರಲ್ಲಿ ಗುಟ್ಟನ್ನೆಲ್ಲಾ ಬಹಿರಂಗವಾಗಿ ಬರೆದುಕೊಟ್ಟ. ನನ್ನಂಥವರ ಹೊಟ್ಟೆಪಾಡು ನಡೆಯುತ್ತಿರೋದು ಅಂಥವರ ಧರ್ಮದಿಂದ.

ಸಿಡಿದ ಸೆರಗು

ಇಷ್ಟು ಗೊತ್ತಿದ್ದವನು ಯಾಕೆ ಅತ್ತೆ? ಕೇಳಿ.

ಆಫೀಸಿನಲ್ಲಿ ಕೆಲಸ ಹಂಚಿದ್ದರು. ಜಡೆ ನನ್ನದು, ಸೆರಗು ಪಕ್ಕದ ಸೀಟಿನ ದಾವಣಗೆರೆ ಹುಡುಗನದು. ನಾನು ಮೊದಲು ಕೊಂಡಿಗಳಿಗೆ ಸ್ಪ್ರಿಂಗ್ ಹಾಕಿದೆ. ಜಡೆ ಎಳೆದ ಎಲಾಸ್ಟಿಕ್ಕಿನಂತೆ ಉದ್ದವಾಗಿ ಕುಚ್ಚು ನೆಲ ಮುಟ್ಟಿತು. ಸ್ಪ್ರಿಂಗ್ ಬಿಗಿಮಾಡಿದೆ. ಏನಾಯ್ತು ಗೊತ್ತೇ? 31ನೇ ಫ್ರೇಮಿನಲ್ಲಿ ಜಡೆ ದೀಪಾವಳಿ ಪಟಾಕಿಯ ಹಾಗೆ ಢಮ್! ಪರದೆ ತುಂಬಾ ಕೂದಲು! ಕಾರಣವಿದೆ. ಬಿಗಿ ಸ್ಪ್ರಿಂಗು ಚುಕ್ಕೆಯನ್ನು ಜೋರಾಗಿ ಎಳೆಯುತ್ತೆ, ಹೆಜ್ಜೆ ದೊಡ್ಡದಾದರೆ ಚುಕ್ಕೆ ಗುರಿ ದಾಟಿ ಆ ಕಡೆ ಹೋಗುತ್ತೆ, ಮುಂದಿನ ಹೆಜ್ಜೆಯಲ್ಲಿ ಅದಕ್ಕಿಂತ ಜೋರಾಗಿ ಈ ಕಡೆ. ಉಯ್ಯಾಲೆಯನ್ನು ಪ್ರತಿ ಸಲ ಜಾಸ್ತಿ ನೂಕಿದರೆ ಕೂತವನ ಗತಿ ಏನು? ಹಾಗೆ. 1998ರಲ್ಲಿ ಬರಾಫ್ ಮತ್ತು ವಿಟ್ಕಿನ್ ಎಂಬಿಬ್ಬರು, ದೊಡ್ಡ ಹೆಜ್ಜೆ ಇಟ್ಟರೂ ಬಟ್ಟೆ ಸಿಡಿಯದ ಹಾಗೆ ಲೆಕ್ಕ ಕಟ್ಟಿದ್ದಕ್ಕೇ ಅವರ ಹೆಸರು ಇವತ್ತಿಗೂ ನಡೀತಿದೆ. 2006ರಲ್ಲಿ ಮೈಕೇಲ್ ಕ್ಯಾಸ್ ಎಂಬುವರ ಜೊತೆ ಅವರಿಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ಬಟ್ಟೆಗೆ ಪ್ರಶಸ್ತಿ ಸ್ವಾಮಿ!

ಸ್ಪ್ರಿಂಗ್ ಬಿಟ್ಟು ಪಂಚಾಯಿತಿ ಹಿಡಿದೆ. ಫ್ರೇಮಿಗೆ 20 ಸುತ್ತು. ಸಿಡಿಯಲಿಲ್ಲ. ಆದರೆ ತುದಿಯಲ್ಲಿ ಭಾರವಾದ ಕುಚ್ಚು, ಮೇಲೆ ಹಗುರ ಕೂದಲು. ಒಂದು ಸುತ್ತಿನಲ್ಲಿ ಹಗುರ ಚುಕ್ಕೆಗಳೇ ಸರೀತಾವೆ ವಿನಾ ಭಾರದ ಕುಚ್ಚು ಜಗ್ಗೋದಿಲ್ಲ. ಮತ್ತೆ ಜಡೆ ಉದ್ದ. ಸುತ್ತು 200 ಮಾಡಿದೆ. ಈಗ ಜಡೆ ಬಾಗೋದನ್ನೇ ಮರೆತು ಕೋಲಾಯಿತು! ಪಕ್ಕದವನ ಸೆರಗು ಅದೇ ರೀತಿ ತಗಡು. ಸುತ್ತು ಹೆಚ್ಚಿಸಿದಷ್ಟೂ ವಸ್ತುವಿನ ಗುಣವೇ ಬದಲಾಗೋದು ಆ ವಿಧಾನದ ಹಳೆಯ ಕಾಯಿಲೆ. 2016ರಲ್ಲಿ ಅದಕ್ಕೆ ಔಷಧಿ ಬಂತು, ನಮ್ಮಲ್ಲೂ ಹಾಕಿದೆವು. ತಗಡು ಬಟ್ಟೆಯಾಯಿತು, ಕೋಲು ಕೂದಲಾಯಿತು. ಅಬ್ಬಾ ಅಂದುಕೊಂಡೆವು.

ಆದರೆ ಕುಚ್ಚು ಇನ್ನೂ ಜಾರುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಜಡೆ, ಸೆರಗು ಬೇರೆ ಬೇರೆ ನೋಡಿದರೆ ಚೆನ್ನ. ಸೇರಿಸಿದರೆ ರಾಜಕುಮಾರಿ ಬೆನ್ನಿನ ಮೇಲೆ ಸೆರಗು ಜ್ವರ ಬಂದವರ ಹಾಗೆ ಗಡಗಡ ನಡುಗುತ್ತೆ! ಸೂಪರ್‌ವೈಸರ್ ಸಾಹೇಬರು ಎಲ್ಲರ ಮುಂದೆ, “ಏನ್ರೀ ಇದು, ರಾಜಕುಮಾರಿಗೆ ಮಲೇರಿಯಾನಾ?” ಅಂದರು. ನಾನು “ಜಡೆ ಸರಿಯಾಗಿದೆ ಸಾರ್, ಸೆರಗಿನದ್ದೇ ತಪ್ಪು” ಅಂದೆ. ಅವನು “ಸೆರಗು ಸರಿ ಐತ್ರೀ ಸಾರ್, ಇವನ ಜಡೆಯಿಂದಾನೇ ಹಿಂಗ್ ಆಗ್ತೈತಿ” ಅಂದ. ಅವತ್ತಿಂದ ನಮ್ಮಿಬ್ಬರಿಗೆ ಮಾತಿಲ್ಲ. ಒಂದೇ ಟೇಬಲ್ಲು, ಒಂದೇ ಹುಡುಗಿಯ ಬೆನ್ನು, ಮಾತಿಲ್ಲ!

ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಆ ನಡುಗುವ ಸೆರಗನ್ನು ನೂರನೇ ಸಲ ನೋಡುತ್ತಾ ಕಣ್ಣಲ್ಲಿ ನೀರು ಬಂತು. ಸೋಮವಾರ ಕೊನೆ ದಿನ. ಎದ್ದು ಮೆಜೆಸ್ಟಿಕ್‌ಗೆ ಹೋಗಿ ಊರಿನ ಬಸ್ಸು ಹತ್ತಿಬಿಟ್ಟೆ.

ಅಪ್ಪನ ಹೊಲಿಗೆ

ಬೆಳಿಗ್ಗೆ ಅಂಗಡಿಗೆ ಹೋದರೆ ಅಪ್ಪ ಸೂಜಿ ಹಿಡಿದು ಬೆಳಕಿಗೆ ಒಡ್ಡಿ ನಿಂತಿದ್ದಾರೆ. ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸ್ತೀನಿ ಅಂತ ವರ್ಷದಿಂದ ಹೇಳುತ್ತಲೇ ಇದ್ದೆ. ನಾನೇ ದಾರ ಪೋಣಿಸಿಕೊಟ್ಟೆ.

“ಏನ್ ಮಗಾ, ದಿಢೀರಂತ ಬಂದೆ?”

ಲ್ಯಾಪ್‌ಟಾಪ್ ತೆಗೆದು ತೋರಿಸಿದೆ. ಕಣ್ಣು ಮಂಜು, ಪರದೆಗೆ ಮೂಗು ತಾಗೋ ಹಾಗೆ ಬಗ್ಗಿ ನೋಡಿದರು. ನಾನು ಚುಕ್ಕೆ, ಕೊಂಡಿ, ಸುತ್ತು ಅಂತೆಲ್ಲಾ ವಿವರಿಸಿದೆ. ಅಪ್ಪ ಕೇಳಿದರೋ ಇಲ್ಲವೋ. ರವಿಕೆಯ ತೋಳನ್ನು ಕೈಗೆತ್ತಿಕೊಂಡು ಹೊಲಿಯುತ್ತಾ ಹೇಳಿದರು:

“ಕಂಕುಳ ಸುತ್ತು ಹೊಲಿಯುವಾಗ ದೊಡ್ಡ ದೊಡ್ಡ ಹೊಲಿಗೆ ಹಾಕಿ ಆಮೇಲೆ ಇಪ್ಪತ್ತು ಸಲ ಎಳೆದು ಸರಿಮಾಡ್ತೀನಿ ಅಂದರೆ ಕೂರಲ್ಲ ಕಣೋ. ಸಣ್ಣ ಹೊಲಿಗೆ ಹಾಕಬೇಕು. ಒಂದೊಂದಕ್ಕೂ ಒಂದೇ ಸಲ ನೋಡ್ಕೊಂಡರೆ ಸಾಕು.”

ನನಗೆ ಮೈ ಜುಮ್ ಅಂತು! ಇದನ್ನೇ ಅಲ್ಲವೇ ಮೈಲ್ಸ್ ಮ್ಯಾಕ್ಲಿನ್ ಮತ್ತು ಸಂಗಡಿಗರು 2019ರಲ್ಲಿ ಬರೆದದ್ದು? ಒಂದು ದೊಡ್ಡ ಹೆಜ್ಜೆ ಇಟ್ಟು 20 ಸುತ್ತು ಪಂಚಾಯಿತಿ ಮಾಡುವ ಬದಲು, ಆ ಹೆಜ್ಜೆಯನ್ನೇ 20 ಪುಟ್ಟ ಹೆಜ್ಜೆ ಮಾಡಿ ಒಂದೊಂದರಲ್ಲೂ ಒಂದೇ ಸುತ್ತು ಹೊಡೆ. ಕೂಲಿ ಅಷ್ಟೇ, ಕೆಲಸ ಚೊಕ್ಕ. ಪುಟ್ಟ ಹೆಜ್ಜೆಯಲ್ಲಿ ತಪ್ಪೂ ಪುಟ್ಟದು ನೋಡಿ! ಆ ಲೇಖನ ನಾನು ಓದಿದ್ದೆ. ತಲೆಗೆ ಹತ್ತಿರಲಿಲ್ಲ.

“ಸರಿ ಅಪ್ಪಾ, ಈ ನಡುಕ ಯಾಕೆ?”

ಅಪ್ಪ ಎರಡು ಬಟ್ಟೆ ತುಂಡು ಮೆಷಿನ್ನಿನ ಕೆಳಗಿಟ್ಟರು. ಮೇಲಿನದನ್ನು ಬಿಗಿಯಾಗಿ ಎಳೆದು ಹಿಡಿದು, ಕೆಳಗಿನದನ್ನು ಅದರ ಪಾಡಿಗೆ ಬಿಟ್ಟು ಒಂದು ಗೇಣು ಹೊಲಿದರು. ಹೊಲಿಗೆಯುದ್ದಕ್ಕೂ ಸುಕ್ಕು ಸುಕ್ಕು. ಆಮೇಲೆ ಎರಡನ್ನೂ ಒಟ್ಟಿಗೆ ಹಿಡಿದು ಹೊಲಿದರು. ನೀಟು!

“ಒಂದನ್ನ ಯಜಮಾನ ಮಾಡಿ ಇನ್ನೊಂದನ್ನ ಆಳು ಮಾಡಿದರೆ ಸುಕ್ಕು ಬೀಳುತ್ತೆ ಮಗಾ. ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ನಡೆಸಬೇಕು.”

ನಾವು ಮಾಡಿದ್ದ ತಪ್ಪು ಸರಿಯಾಗಿ ಅದೇ! ಮೊದಲು ನನ್ನ ಜಡೆಯ ಲೆಕ್ಕ ಪೂರ್ತಿ ಮುಗಿಸಿ ಕೊಡ್ತಿದ್ದೆ. ಆಮೇಲೆ ಅವನು ಸೆರಗು ಹಾರಿಸ್ತಿದ್ದ. ಸೆರಗಿನ ಪಾಲಿಗೆ ಜಡೆ ಅಂದರೆ ಕಬ್ಬಿಣದ ಸಲಾಕೆ. ತಳ್ಳಿದರೂ ಸರಿಯೋದಿಲ್ಲ. ಒಂದು ಕಡೆ ಬೆನ್ನು, ಇನ್ನೊಂದು ಕಡೆ ಸಲಾಕೆ, ನಡುವೆ ಸಿಕ್ಕ ಸೆರಗು ಎಲ್ಲಿಗೆ ಹೋಗಬೇಕು? ಬೆನ್ನು “ಆಚೆ ಹೋಗು” ಅನ್ನುತ್ತೆ, ಜಡೆ “ಈಚೆ ಬರಬೇಡ” ಅನ್ನುತ್ತೆ. ನಡುಗದೆ ಇನ್ನೇನು ಮಾಡೀತು? ಪಿಕ್ಸಾರ್‌ನ ದೊಡ್ಡವರನ್ನೇ ಇಂಥ ಇಕ್ಕಟ್ಟು ಬಿಟ್ಟಿಲ್ಲ. 2001ರ ‘ಮಾನ್‌ಸ್ಟರ್ಸ್ ಇಂಕ್’ ಕಾಲದಲ್ಲಿ ಮೈಯ ಮಡಿಕೆಗಳ ನಡುವೆ ಬಟ್ಟೆ ಸಿಕ್ಕಿಕೊಂಡು ಗೋಜಲಾಗುವುದನ್ನು ಬಿಡಿಸೋದು ಹೇಗೆ ಅಂತ ಬರಾಫ್ ತಂಡ 2003ರಲ್ಲಿ ಬೇರೆ ಲೇಖನವನ್ನೇ ಬರೆಯಬೇಕಾಯಿತು.

ಆ ರಾತ್ರಿಯೇ ವಾಪಸ್ ಬೆಂಗಳೂರು.

ಒಂದೇ ಫೈಲು

ಭಾನುವಾರ ಬೆಳಿಗ್ಗೆ ದಾವಣಗೆರೆ ಹುಡುಗನ ರೂಮಿನ ಬಾಗಿಲು ತಟ್ಟಿದೆ. ಬನಿಯನ್ನಿನಲ್ಲಿ ಬಂದು ನಿಂತ. ಮುಖ ಗಂಟು.

“ತಪ್ಪು ನಿನ್ನದೂ ಅಲ್ಲ, ನನ್ನದೂ ಅಲ್ಲ ಗುರು. ಎರಡು ಫೈಲು ಇರೋದೇ ತಪ್ಪು” ಅಂದೆ.

ಒಂದು ಗಳಿಗೆ ನೋಡಿದ. “ಚಾ ಕುಡದ್ಯಾ?” ಅಂದ. ಅಲ್ಲಿಗೆ ರಾಜಿ!

ಇಬ್ಬರೂ ಆಫೀಸಿನಲ್ಲಿ ಒಂದೇ ಕುರ್ಚಿಗೆ ಕುರ್ಚಿ ಅಂಟಿಸಿ ಕೂತೆವು. ಜಡೆಯ ಚುಕ್ಕೆ, ಸೆರಗಿನ ಚುಕ್ಕೆ, ಕುಚ್ಚಿನ ಚುಕ್ಕೆ ಎಲ್ಲಾ ಒಂದೇ ಪಂಚಾಯಿತಿಗೆ ಸೇರಿಸಿದೆವು. ಈಗ ಜಡೆ ಸೆರಗನ್ನು ತಳ್ಳಿದರೆ ಸೆರಗೂ ಜಡೆಯನ್ನು ತಳ್ಳುತ್ತೆ. ಯಾರು ಭಾರವೋ ಅವರು ಕಡಿಮೆ, ಯಾರು ಹಗುರವೋ ಅವರು ಜಾಸ್ತಿ, ಆದರೆ ಇಬ್ಬರೂ ಸರಿಯಬೇಕು. ಫ್ರೇಮಿಗೆ 20 ಪುಟ್ಟ ಹೆಜ್ಜೆ. 96 ಫ್ರೇಮಿಗೆ 1,920 ಹೆಜ್ಜೆ. ಕಂಪ್ಯೂಟರ್ ಫ್ಯಾನು ಅಕ್ಕಿ ಗಿರಣಿಯ ಹಾಗೆ ಕೂಗಿತು.

ರಾತ್ರಿ ಒಂದೂವರೆಗೆ ಪ್ಲೇ ಒತ್ತಿದೆವು. ರಾಜಕುಮಾರಿ ಧುಮುಕಿದಳು. ಮೈ ಮೊದಲು ಇಳಿಯಿತು. ಸೆರಗು ಮೇಲಕ್ಕೆ ಉಬ್ಬಿತು. ಜಡೆ ಹಾವಿನಂತೆ ಒಂದು ಅಲೆ ಎದ್ದು ನೆತ್ತಿಯಿಂದ ತುದಿಗೆ ಹರಿಯಿತು. ಸೆರಗಿಗೆ ತಾಗಿ, ಅದನ್ನು ಒಂದಿಷ್ಟು ಒತ್ತಿ, ತಾನೂ ಒಂದಿಷ್ಟು ವಾಲಿ, ಕುದುರೆ ಮೇಲೆ ಅವಳು ಕೂತ ಮೇಲೆ ಕೊನೆಗೆ ಕುಚ್ಚು ‘ಟಪ್’ ಅಂತ ಬೆನ್ನಿಗೆ ಬಂದು ಬಿತ್ತು! ನಡುಕ ಇಲ್ಲ. ಯಾರೂ ಯಾರಿಗೂ “ಹೀಗೆ ಹೋಗು” ಅಂತ ಆಜ್ಞೆ ಕೊಟ್ಟಿರಲಿಲ್ಲ. ಪ್ರತಿ ಚುಕ್ಕೆ ತನ್ನ ಪಕ್ಕದ ಚುಕ್ಕೆಯನ್ನು ಮಾತ್ರ ನೋಡಿಕೊಂಡಿತ್ತು, ಅಷ್ಟೇ. ಮತ್ತೆ ಕಣ್ಣಲ್ಲಿ ನೀರು. ಈ ಸಲ ಇಬ್ಬರಿಗೂ.

ಟೈಟಲ್ ಕಾರ್ಡು

ಷಾಟು ಪಾಸಾಯಿತು. ಕೆಲಸ ಕಾಯಂ. ಮೊದಲ ಸಂಬಳದಲ್ಲಿ ಅಪ್ಪನ ಕಣ್ಣಿನ ಪೊರೆ ತೆಗೆಸಿದೆ. ಮಾರನೇ ವರ್ಷ ಸಿನಿಮಾ ಬಿಡುಗಡೆ. ಊರಿನ ಟಾಕೀಸಿಗೆ ಅಪ್ಪನನ್ನು ಕರೆದುಕೊಂಡು ಹೋದೆ. ಸೀನು ಬಂತು. ಒಂದು, ಎರಡು, ಮೂರು, ನಾಲ್ಕು... ಹೋಯಿತು! ಮುಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆದರು. ಜಡೆಗಲ್ಲ, ಕುದುರೆಗೆ!

ಸಿನಿಮಾ ಮುಗಿದು ಜನ ಎದ್ದರು. ಅಪ್ಪ ಏಳಲಿಲ್ಲ. “ನಿನ್ನ ಹೆಸರು ಬರುತ್ತೆ, ತಡಿ” ಅಂದರು. ಹೆಸರುಗಳು ಓಡಿದವು. ಲೈಟ್ ಬಾಯ್‌ಗಳು, ಊಟದವರು, ಕುದುರೆಯವರು. ಗ್ರಾಫಿಕ್ಸ್ ಅಂತ ನಮ್ಮ ಕಂಪನಿ ಹೆಸರು ಒಂದು ಸಾಲು. ಅಷ್ಟೇ. ನನ್ನದಿಲ್ಲ, ದಾವಣಗೆರೆಯವನದಿಲ್ಲ. ಪರದೆ ಬಿಳಿಯಾಯಿತು. ಕಸ ಗುಡಿಸುವವನು ಬಂದ. ನನಗೆ ಅಪ್ಪನ ಮುಖ ನೋಡಲು ಧೈರ್ಯ ಬರಲಿಲ್ಲ.

ಹೊರಗೆ ಬಂದು ಬೋಂಡಾ ಅಂಗಡಿ ಮುಂದೆ ನಿಂತಾಗ ಅಪ್ಪ ಕೇಳಿದರು, “ಆ ಸೀರೆಗೆ ಜರಿ ಅಂಚು ಇತ್ತು ಅಲ್ವಾ?”

“ಹೌದಪ್ಪಾ.”

“ಕುಚ್ಚು ಸರಿಯಾಗಿ ಬಿತ್ತು. ಮೈ ಕೂತ ಮೇಲೆ ಅದು ಕೂತಿತು, ಹಂಗೇ ಆಗಬೇಕು. ಆದರೆ ಜರಿ ಅಂಚು ಅಷ್ಟು ಹಗುರಾಗಿ ಹಾರಲ್ಲ ಮಗಾ. ಅಂಚು ಭಾರ. ಒಡಲು ಮೇಲೆದ್ದರೂ ಅಂಚು ಕೆಳಕ್ಕೆ ಎಳೀತಿರುತ್ತೆ.”

ನಾನು ಬೋಂಡಾ ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಸೂಪರ್‌ವೈಸರಿಗೆ ಕಾಣಲಿಲ್ಲ, ಡೈರೆಕ್ಟರಿಗೆ ಕಾಣಲಿಲ್ಲ, ಟಾಕೀಸಿನ ಒಬ್ಬ ಪ್ರೇಕ್ಷಕನಿಗೂ ಕಾಣಲಿಲ್ಲ. ಹೊಸ ಕಣ್ಣಿನ ಅಪ್ಪನಿಗೆ ಕಂಡಿತು! ಸೆರಗಿನ ಎಲ್ಲಾ ಚುಕ್ಕೆಗಳಿಗೂ ನಾವು ಒಂದೇ ತೂಕ ಕೊಟ್ಟಿದ್ದೆವು.

ಅವತ್ತೇ ದಾವಣಗೆರೆಯವನಿಗೆ ಫೋನ್ ಮಾಡಿ ಹೇಳಿದೆ. “ನಿಮ್ಮಪ್ಪಾರ್ನ ನಮ್ಮ ಆಫೀಸಿಗೆ ಸೂಪರ್‌ವೈಸರ್ ಮಾಡ್ಬೇಕಲೇ” ಅಂದ. ಆಮೇಲೆ ನಾವು ಹಾರಿಸಿದ ಪ್ರತಿ ಸೀರೆಯಲ್ಲೂ ಅಂಚಿನ ಚುಕ್ಕೆಗೆ ತೂಕ ಜಾಸ್ತಿ. ಟೈಟಲ್ ಕಾರ್ಡಿನಲ್ಲಿ ಹೆಸರು? ಈಗಲೂ ಒಮ್ಮೊಮ್ಮೆ ಬರುತ್ತೆ, ಒಮ್ಮೊಮ್ಮೆ ಇಲ್ಲ. ಹೊಟ್ಟೆ ಉರಿಯೋದಿಲ್ಲ ಅಂದರೆ ಸುಳ್ಳಾಗುತ್ತೆ. ಉರಿಯುತ್ತೆ.

ಅದಕ್ಕೇ ಕೇಳ್ತೀನಿ ಗೆಳೆಯರೇ. ಮುಂದಿನ ಸಲ ಸಿನಿಮಾ ಮುಗಿದಾಗ ಬಸ್ಸಿಗೆ ಹೊತ್ತಿದ್ದರೆ ಎರಡು ನಿಮಿಷ ಕೂತಿರಿ. ನಮ್ಮ ಹೆಸರು ಓಡುತ್ತಿರಬಹುದು. ಓಡದಿದ್ದರೆ, ಹೀರೋಯಿನ್ ಸೆರಗು ಹಾರುವಾಗ ಅಂಚು ಕೆಳಕ್ಕೆ ಎಳೀತಿದೆಯಾ ನೋಡಿ. ಎಳೀತಿದ್ದರೆ, ಅಲ್ಲಿ ತಿಪಟೂರಿನ ಒಬ್ಬ ಟೈಲರ್ ಕೈ ಇರಬಹುದು!